ಮೇಜಿನ ಈ ತುದಿಯಿಂದ ಆ ತುದಿಗೆ

ಸತ್ತವರಿಗೆ ಜಾಗ ಮಾಡಿಕೊಡುವುದು ಹಾರೆಯಮ್ಮನ ಕೆಲಸ. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಯಾರೇ ಬಂದು ಮಲಗಲಿ, ಅವರ ಹಾಸಿಗೆ ಬಿಡಿಸುವವಳು ಅವಳು. ಮೊದಲು ಅವಳ ಗಂಡ ಬಿಡಿಸುತ್ತಿದ್ದ. ಅವನನ್ನು ಎಲ್ಲರೂ ಹಾರೆ ಎಂದೇ ಕರೆಯುತ್ತಿದ್ದರು. ಒಂದು ದಿನ ಅವನೂ ಕೆಮ್ಮಿ ಕೆಮ್ಮಿ ಸತ್ತ. ಅವನ ಗುಂಡಿ ತೋಡಲು ಬೇರೆ ಯಾರೂ ಬರಲಿಲ್ಲ. ಅವಳೇ ತೋಡಿದಳು. ಸೊಂಟದಾಳಕ್ಕೆ ಇಳಿಯುವ ತನಕ ಅಳು ಬರುತ್ತಿತ್ತು. ಎದೆಯಾಳಕ್ಕೆ ಇಳಿಯುವಷ್ಟರಲ್ಲಿ ನಿಂತಿತ್ತು. ಮಣ್ಣು ಮೇಲಕ್ಕೆ ಎಸೆಯಲು ಉಸಿರು ಬೇಕು. ಅಳುತ್ತಾ ಎಸೆಯಲು ಆಗುವುದಿಲ್ಲ.

ಮಾರನೇ ದಿನವೇ ಕಾವಲುಗಾರ ತಾತ ಬಂದು ಇನ್ನೊಂದು ತೋಡಬೇಕಂತೆ ಅಂದ. ಹೆಂಗಸು ತೋಡುವುದಾ ಅಂತ ಯಾರೂ ಕೇಳಲಿಲ್ಲ. ಕೆಲಸ ಆಗಬೇಕಿತ್ತು, ಅಷ್ಟೇ. ಗಂಡನ ಹಾರೆ ಕೈಗೆ ಬಂತು, ಗಂಡನ ಹೆಸರೂ ಬಂತು.

ಹಿಂದಿನ ಗೇಟಿನ ಪಕ್ಕ ಚರ್ಚಿನವರದೇ ಒಂದು ಒಂಟಿ ಕೋಣೆ. ತಾಯಿ ಮಗಳು ಇರುವುದು ಅಲ್ಲಿ. ಮಗಳನ್ನು ಜೀರಿಗೆ ಅಂತ ಕರೆಯುತ್ತಾರೆ. ಹುಟ್ಟಿದಾಗ ಅಷ್ಟೇ ಇದ್ದಳು ಅಂತ ಅಪ್ಪ ಕರೆದದ್ದು ಹಾಗೇ ಉಳಿಯಿತು. ಸ್ಮಶಾನದ ಗೋಡೆಗೆ ಬೆನ್ನು ಕೊಟ್ಟು ಚರ್ಚಿನ ಪ್ರೈಮರಿ ಶಾಲೆ ನಿಂತಿದೆ. ಶಾಲೆಯ ಗಂಟೆ ಹೊಡೆದರೆ ಇವರ ಕೋಣೆಯ ತಟ್ಟೆ ಲೋಟ ಅದುರುತ್ತವೆ. ಒಳಗೆ ಮಕ್ಕಳು ಮಗ್ಗಿ ಒಪ್ಪಿಸುವುದು ಗೋಡೆಯಾಚೆಯಿಂದ ಕೇಳುತ್ತದೆ. ಜೀರಿಗೆ ಗೋಡೆಯ ಈಚೆ ನಿಂತು ತಾನೂ ಒಪ್ಪಿಸುತ್ತಾಳೆ. ಅಕ್ಷರ ಕಲಿತದ್ದು ಸಮಾಧಿಯ ಕಲ್ಲುಗಳ ಮೇಲೆ. ಅಮ್ಮ ಗುಂಡಿಯಲ್ಲಿರುವಾಗ ಮಗಳು ಕಲ್ಲಿನ ಮುಂದೆ ಕೂತು, ಕೆತ್ತಿದ ಗೆರೆಯೊಳಗೆ ಬೆರಳಾಡಿಸುತ್ತಾಳೆ. ಅರ್ಥ ಗೊತ್ತಿಲ್ಲದಿದ್ದರೆ ಗುಂಡಿಯ ಬಾಯಿಗೆ ಬಂದು ಕೇಳುತ್ತಾಳೆ. ಅಮ್ಮನಿಗೂ ಗೊತ್ತಿರುವುದಿಲ್ಲ. ಕಾವಲುಗಾರ ತಾತ ಹೇಳಿಕೊಡುತ್ತಾನೆ.

ಒಂದು ಸಂಜೆ ಹಾರೆಯಮ್ಮ ಕೆಲಸ ಮುಗಿಸಿ ಬಂದರೆ ಬಾಗಿಲ ಮುಂದೆ ಅಂಗೈಯಗಲದ ಗುಂಡಿಗಳ ಸಾಲು. ಜೀರಿಗೆ ಚಮಚ ಹಿಡಿದು ಕೂತಿದ್ದಳು. ಬಟ್ಟೆಯ ಗೊಂಬೆಯನ್ನು ಒಂದು ಗುಂಡಿಯಲ್ಲಿ ಮಲಗಿಸಿ, ಅಳತೆ ನೋಡಿ, ತಲೆ ಎತ್ತಿದಳು.

"ಅಮ್ಮ, ಆಳ ಸಾಕಾ?"

ಹಾರೆಯಮ್ಮ ಚಮಚ ಕಿತ್ತುಕೊಂಡಳು. ಮಗು ಅತ್ತಿತು. ಮಾರನೇ ಬೆಳಿಗ್ಗೆ ಮಗಳ ತಲೆ ಬಾಚಿ, ಮುಖ ಒರೆಸಿ, ಗೋಡೆಯಾಚೆಯ ಶಾಲೆಗೆ ಕರೆದುಕೊಂಡು ಹೋದಳು. ಇನ್ನೊಂದು ಶಾಲೆ ಇತ್ತು. ದೊಡ್ಡ ರಸ್ತೆ ದಾಟಿ, ಲಾರಿಗಳ ನಡುವೆ ನುಗ್ಗಿ, ಗೋದಾಮುಗಳನ್ನು ಬಳಸಿ ಬಹಳ ದೂರ ನಡೆಯಬೇಕು. ಅಮ್ಮ ಗುಂಡಿಯಲ್ಲಿದ್ದರೆ ಮಗುವನ್ನು ಬಿಡುವವರು ಯಾರು, ತರುವವರು ಯಾರು?

*

ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ದಿನ ಅದು. ಶಾಲೆಯ ದೊಡ್ಡ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಮೇಜಿನ ಹಿಂದೆ ಹೆಡ್ ಮಿಸ್. ಅವರ ಬಲಕ್ಕೆ ಫಾದರ್, ಎಡಕ್ಕೆ ಮರದಂಗಡಿಯ ಯಜಮಾನ. ಯಜಮಾನ ಚರ್ಚಿನ ಹಿರಿಯ. ಹೆಣದ ಪೆಟ್ಟಿಗೆಗಳು ಬರುವುದು ಅವನ ಅಂಗಡಿಯಿಂದ. ಪೆಟ್ಟಿಗೆ ಅವನದು, ಗುಂಡಿ ಅವಳದು. ಇಬ್ಬರೂ ಹೆಣ ನಂಬಿ ಉಣ್ಣುವವರೇ. ಆದರೆ ಅವನಿಗೆ ಚರ್ಚಿನಲ್ಲಿ ಮೊದಲ ಬೆಂಚು.

ಹೆತ್ತವರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ದಾರಕ್ಕೆ ಪೋಣಿಸಿದ ತಗಡಿನ ಬಿಲ್ಲೆಗಳ ಸರ. ಭಾನುವಾರದ ಆರಾಧನೆಗೆ ಬಂದವರಿಗೆ ಚರ್ಚಿನ ಮುಂಬಾಗಿಲಲ್ಲಿ ಯಜಮಾನ ಮನೆಗೊಂದರಂತೆ ಕೊಡುವ ಬಿಲ್ಲೆ ಅದು, ನಡುವೆ ತೂತು, ಮೇಲೆ ಆ ವರ್ಷದ ಅಚ್ಚು. ಶಾಲೆಯಲ್ಲಿ ಜಾಗ ಕಡಿಮೆ, ಕೇಳುವವರು ಹೆಚ್ಚು. ದೇವರ ಮನೆಗೆ ತಪ್ಪದೆ ಬಂದವರ ಮಕ್ಕಳಿಗೆ ಮೊದಲು ಅನ್ನುವುದು ನಿಯಮ. ಹೆಡ್ ಮಿಸ್ ಸರವನ್ನು ಇಸಿದುಕೊಂಡು ಮೇಜಿನ ಅಂಚಿಗೆ ಬಿಗಿಯಾಗಿ ಎಳೆಯುತ್ತಿದ್ದರು. ಈ ತುದಿಯಿಂದ ಆ ತುದಿಗೆ ಮುಟ್ಟಿದರೆ ಮಗು ಒಳಗೆ, ಮುಟ್ಟದಿದ್ದರೆ ಹೊರಗೆ.

ಹಾರೆಯಮ್ಮನ ಮುಂದೆ ನಿಂತವಳು ಹಿಂದಿನ ಬೀದಿಯ ಇಸ್ತ್ರಿ ಅಕ್ಕ. ಅವಳ ಮಗನ ಸರ ಮುಟ್ಟಿ ಒಂದಿಷ್ಟು ಜೋತೂ ಬಿತ್ತು.

"ಭಾನುವಾರ ನೀನು ಅಂಗಡಿ ಮುಚ್ಚೋದೇ ಇಲ್ವಲ್ಲಕ್ಕ?" ಹಾರೆಯಮ್ಮ ಮೆಲ್ಲಗೆ ಕೇಳಿದಳು.

"ಅತ್ತೆನ ಕಳಿಸ್ತೀನಿ ಕಣೇ. ಅವರಿಗೆ ಕಿವಿ ಕೇಳಲ್ಲ, ಫಾದರ್ ಏನು ಪ್ರಸಂಗ ಮಾಡಿದರೆ ಏನು. ಕೂತು ನಿದ್ದೆ ಹೊಡೆದು ಬಿಲ್ಲೆ ತರ್ತಾರೆ. ಮನೇಲೂ ಒಂದು ಬೆಳಿಗ್ಗೆ ನೆಮ್ಮದಿ." ಅಕ್ಕ ಬಾಯಿಗೆ ಸೆರಗಿಟ್ಟು ನಕ್ಕಳು. "ಎಲ್ಲಿ ನಿನ್ನ ಸರ?"

ಹಾರೆಯಮ್ಮನ ಬಳಿ ಸರ ಇರಲಿಲ್ಲ. ಒಂದು ಬಿಲ್ಲೆಯೂ ಇರಲಿಲ್ಲ. ಅವಳು ಎಂದೂ ಮುಂಬಾಗಿಲಿನಿಂದ ಬಂದವಳಲ್ಲ. ಮೊದಲನೆಯ ಸಲ ಗಂಡನ ಜೊತೆ ಬಂದಾಗ ಮಣ್ಣಿನ ಕಾಲಿನವರು ಹಿಂದಿನಿಂದ ಬನ್ನಿ ಅಂತ ಬಾಗಿಲಿನವರು ಅಂದಿದ್ದರು. ಅದೇ ದಾರಿ ರೂಢಿಯಾಯಿತು. ಭಾನುವಾರ ಎಲ್ಲರಿಗೂ ರಜೆ, ಹಾಗಾಗಿ ಹೆಣ ಹೂಳುವುದಕ್ಕೂ ಭಾನುವಾರವೇ ಅನುಕೂಲ. ಒಳಗೆ ಹಾಡು ಶುರುವಾಗುವಾಗ ಅವಳು ಹಿಂದೆ ಗುಂಡಿಗಿಳಿದಿರುತ್ತಿದ್ದಳು. ಕಿಟಕಿಯಿಂದ ಹಾಡು ಬಂದರೆ ತುಟಿ ಆಡಿಸುತ್ತಿದ್ದಳು. ಪ್ರಾರ್ಥನೆಯ ಹೊತ್ತಿಗೆ ಹಾರೆ ನೆಟ್ಟು ತಲೆ ಬಗ್ಗಿಸುತ್ತಿದ್ದಳು. ಬಿಲ್ಲೆ ಕೊಡುವುದು ಅವಳಿಗೂ ಗೊತ್ತಿತ್ತು. ಹೊರಗಿನಿಂದ ಬರುವವರಿಗೆ ಅಂದುಕೊಂಡಿದ್ದಳು. ತಾನು ಒಳಗಿನವಳಲ್ಲವೇ? ಮನೆಯ ಹೆಣ್ಣುಮಗಳಿಗೆ ಮನೆಗೆ ಬಂದಿದ್ದಕ್ಕೆ ಯಾರಾದರೂ ಗುರುತು ಕೊಡುತ್ತಾರಾ?

ಹಾಗೆಯೇ ಹೇಳಿದಳು. ಹೆಡ್ ಮಿಸ್ ಕನ್ನಡಕ ತೆಗೆದರು.

"ನಿನ್ನ ಕಷ್ಟ ಅರ್ಥ ಆಗುತ್ತಮ್ಮ. ಆದರೆ ಮೇಜಿನ ಮೇಲೆ ಏನು ಇಡಲಿ?"

"ಒಂದು ಭಾನುವಾರನೂ ನಿನ್ನನ್ನ ಬಾಗಿಲಲ್ಲಿ ನೋಡಿಲ್ಲ," ಯಜಮಾನ ಅಂದ.

"ನಿಮ್ಮ ತಂದೆಯವರನ್ನ ಇಳಿಸಿದ್ದು ನಾನೇ ಯಜಮಾನ್ರೇ. ಭಾನುವಾರಾನೇ. ನೀವು ನೋಡಿದ್ರಲ್ಲ."

"ಅದು ಕೆಲಸ. ಆರಾಧನೆ ಅಲ್ಲ. ಕೂಲಿ ತಗೊಂಡೆ ತಾನೆ?"

ಪೆಟ್ಟಿಗೆಗೆ ನೀವೂ ದುಡ್ಡು ತಗೋತೀರಲ್ಲ ಅನ್ನುವ ಮಾತು ಹಾರೆಯಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿದಳು. ಮಗಳ ಕೆಲಸ ಆಗಬೇಕಿತ್ತು.

ಹೆಡ್ ಮಿಸ್ ಮಾತು ತಿರುಗಿಸಲು ಮಗುವಿನ ಕಡೆ ಬಗ್ಗಿದರು. "ನಿನಗೆ ಏನೇನು ಓದೋಕೆ ಬರುತ್ತೆ ಪುಟ್ಟಿ?"

ಜೀರಿಗೆ ನೆಟ್ಟಗೆ ನಿಂತಳು. "ಜನನ. ಮರಣ. ಪ್ರೀತಿಯ ಪತ್ನಿ. ಇಲ್ಲಿ ವಿಶ್ರಮಿಸುತ್ತಿದ್ದಾರೆ."

ಹಿಂದೆ ಯಾರೋ ಕಿಸಕ್ಕೆಂದರು. ಒಬ್ಬ ತಾಯಿ ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು. ಹೆಡ್ ಮಿಸ್ ಮುಖ ಬಿಳಿಚಿಕೊಂಡಿತು. "ಸಾಕು ಮರಿ" ಅಂದರು. ತಪ್ಪು ಓದಿದೆನೇನೋ ಅಂದುಕೊಂಡ ಜೀರಿಗೆ ಅಮ್ಮನ ಮುಖ ನೋಡಿದಳು.

ಫಾದರ್ ಆವರೆಗೆ ತಮ್ಮ ಅಂಗಿಯ ತೋಳನ್ನೇ ಸರಿಮಾಡಿಕೊಳ್ಳುತ್ತಿದ್ದರು. "ನಿಯಮ ನಾನು ಮಾಡಿದ್ದಲ್ಲಮ್ಮ," ಅಂದರು. "ಈ ಭಾನುವಾರದಿಂದ ಶುರು ಮಾಡು. ಬೆಂಚಿನ ಮೇಲೆ ಬಂದು ಕೂತ್ಕೊ. ಮುಂದಿನ ವರ್ಷಕ್ಕೆ ಸರ ಮುಟ್ಟುತ್ತೆ."

"ಒಂದು ವರ್ಷ ಹೋಗುತ್ತಲ್ಲ ಫಾದರ್."

"ಮುಂದೆ ಬನ್ನಿ," ಯಜಮಾನ ಹಿಂದಿನವರನ್ನು ಕರೆದ.

ಹಾರೆಯಮ್ಮ ಸರಿದು ನಿಂತಳು. ಹೊರಡುವ ಮುಂಚೆ ಎರಡೂ ಕೈ ಚಾಚಿ ಮೇಜಿನ ಉದ್ದ ನೋಡಿಕೊಂಡಳು. ಅವಳ ಹಾರೆಯಷ್ಟೇ ಇತ್ತು.

*

ಆ ವರ್ಷ ಅವಳು ಒಂದು ಭಾನುವಾರವನ್ನೂ ಬಿಡಲಿಲ್ಲ.

ಭಾನುವಾರದ ಗುಂಡಿಯನ್ನು ಶನಿವಾರವೇ ತೋಡಿದಳು. ಮಧ್ಯಾಹ್ನದ ಬಿಸಿಲಿಗೆ ಗಟ್ಟಿಯಾದ ನೆಲ. ಹಾರೆ ಎತ್ತಿ ಹಾಕಿದರೆ ಮೊಳಕೈವರೆಗೂ ಜುಮ್ಮೆನ್ನುತ್ತಿತ್ತು. ಬಾಣಲಿಗೆ ತುಂಬಿ, ಮೇಲಕ್ಕೆ ದೂಡಿ, ಮತ್ತೆ ಹಾರೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಆ ಬೆರಳುಗಳನ್ನೇ ಬಿಸಿನೀರಿನಲ್ಲಿ ಅದ್ದಿ, ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಹಿಮ್ಮಡಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಒಗೆದ ಸೀರೆ ಉಡುತ್ತಿದ್ದಳು. ಮಗಳ ಕೈ ಹಿಡಿದು, ಇಡೀ ಗೋಡೆ ಸುತ್ತಿ, ಮುಂಬಾಗಿಲಿಗೆ ಬರುತ್ತಿದ್ದಳು.

ಯಜಮಾನ ಬಿಲ್ಲೆ ಕೊಡುವಾಗ ಅವಳ ಅಂಗೈ ಮುಟ್ಟುತ್ತಿರಲಿಲ್ಲ. ಮೇಲಿನಿಂದ ಬಿಡುತ್ತಿದ್ದ.

ಕೊನೆಯ ಬೆಂಚಿನಲ್ಲಿ ಕೂತಳು. ಮೊದಲ ವಾರ ಆ ಬೆಂಚಿನಲ್ಲಿ ಇನ್ನೂ ಒಂದು ಸಂಸಾರ ಇತ್ತು. ಎರಡನೇ ವಾರ ಅವರು ಬೆಂಚಿನ ಆ ತುದಿಗೆ ಸರಿದರು. ಆಮೇಲೆ ಮುಂದಿನ ಬೆಂಚಿಗೆ ಹೋಗಿ ಇಕ್ಕಟ್ಟಾಗಿ ಕೂತರು. ಇಡೀ ಬೆಂಚು ತಾಯಿ ಮಗಳಿಗೇ ಉಳಿಯಿತು. ಮಣ್ಣಿನ ವಾಸನೆಯಂತೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲವಂತೆ. ಅವಳಿಗೆ ಕೇಳಲಿ ಅಂತಲೇ ಹೇಳಿದ್ದು.

ಎಲ್ಲಕ್ಕಿಂತ ಕಷ್ಟದ್ದು ಪ್ರಾರ್ಥನೆಯ ನಡುವೆ ಬರುವ ಒಂದು ಗಳಿಗೆ. ನಿಮ್ಮ ಪಕ್ಕದವರಿಗೆ ಸಮಾಧಾನ ಹೇಳಿ ಅಂತ ಫಾದರ್ ಅನ್ನುತ್ತಾರೆ. ಎಲ್ಲರೂ ಎದ್ದು ಅಕ್ಕಪಕ್ಕದವರ ಕೈ ಹಿಡಿದು ಕುಲುಕುತ್ತಾರೆ, ನಗುತ್ತಾರೆ. ಅವಳ ಮುಂದೆ ಬೆನ್ನುಗಳ ಸಾಲು. ಮೊದಲ ಸಲ ಅವಳು ಕೈ ಚಾಚಿದಳು. ಮುಂದಿನ ಬೆಂಚಿನ ಗಂಡಸು ತಿರುಗಿದ, ಕೈ ನೋಡಿದ, ತಲೆಯಾಡಿಸಿ ಮತ್ತೆ ಆ ಕಡೆ ತಿರುಗಿದ. ಚಾಚಿದ ಕೈಯನ್ನು ಏನು ಮಾಡುವುದು ಅಂತ ಅವಳಿಗೆ ತಿಳಿಯಲಿಲ್ಲ. ಸೆರಗು ಸರಿಮಾಡಿಕೊಂಡಳು. ಆಗ ಕೆಳಗಿನಿಂದ ಒಂದು ಪುಟ್ಟ ಕೈ ಬಂತು.

"ಸಮಾಧಾನ, ಅಮ್ಮ," ಅಂದಳು ಜೀರಿಗೆ. ದೊಡ್ಡವರ ಹಾಗೆ ಕುಲುಕಿದಳು.

ಆಮೇಲಿನ ಎಲ್ಲ ವಾರಗಳಲ್ಲೂ ಹಾಗೆಯೇ. ಆ ಹೊತ್ತು ಬಂದರೆ ತಾಯಿ ಮಗಳು ಎದುರುಬದುರಾಗಿ ನಿಂತು ಕೈ ಕುಲುಕುತ್ತಿದ್ದರು. ತುಂಬಿದ ಚರ್ಚಿನಲ್ಲಿ ಇಬ್ಬರೇ.

ಶನಿವಾರದ ದಣಿವಿಗೆ ಕಣ್ಣು ಎಳೆಯುತ್ತಿತ್ತು. ಒಂದು ವಾರ ತೂಕಡಿಸಿದಳು. ಹೊರಗೆ ಬರುವಾಗ ಯಜಮಾನ ತಡೆದ. "ನಿದ್ದೆ ಮಾಡೋಕೆ ಬರೋದಾದ್ರೆ ಬಿಲ್ಲೆ ವಾಪಸ್ ಕೊಟ್ಟು ಹೋಗು." ಸುತ್ತ ನಿಂತವರು ನಕ್ಕರು. ಇಸ್ತ್ರಿ ಅಕ್ಕನ ಅತ್ತೆ ಆಗಷ್ಟೇ ಗೊರಕೆಯಿಂದ ಎದ್ದು ಬಂದಿತ್ತು. ಅದೂ ಏನು ಎತ್ತ ಗೊತ್ತಿಲ್ಲದೆ ನಕ್ಕಿತು.

ಒಂದು ಜೀವ ಮಾತ್ರ ಅವಳನ್ನು ಮಾತಾಡಿಸಿತ್ತು. ಯಜಮಾನನ ತಾಯಿ. ಕೋಲೂರಿಕೊಂಡು ಹೋಗುತ್ತಿದ್ದ ಅಜ್ಜಿ ಅವಳ ಬೆಂಚಿನ ಪಕ್ಕ ನಿಂತು, ಕಣ್ಣು ಕಿರಿದು ಮಾಡಿ ನೋಡಿ, "ಗುಂಡಿ ತೋಡೋಳು ನೀನೇ ಅಲ್ವಾ?" ಅಂತ ಕೇಳಿತ್ತು. ಹೌದು ಅಂದಳು. "ನನಗೆ ಶಾಲೆ ಗೋಡೆ ಪಕ್ಕ ಬೇಡ ಕಣೇ. ಗಲಾಟೆ. ಆ ಕಡೆ ಮರ ಇದೆಯಲ್ಲ, ಅಲ್ಲಿ ತೋಡು. ಮರೆತುಬಿಟ್ಟೀಯ."

"ಮರೆಯಲ್ಲ ಅಜ್ಜಿ. ಆದ್ರೆ ಅವಸರ ಏನಿದೆ?"

"ಅವಸರ ನನಗಲ್ಲ, ನನ್ನ ಸೊಸೆಗೆ." ಅಜ್ಜಿ ಬೊಚ್ಚುಬಾಯಲ್ಲಿ ನಕ್ಕು ಕೋಲು ಕುಟ್ಟಿಕೊಂಡು ಹೋಯಿತು.

ಸರವನ್ನು ಗಂಡನ ಅಂಗಿ ತೂಗಿದ್ದ ಮೊಳೆಗೆ ಹಾಕಿದ್ದಳು. ಭಾನುವಾರ ಮನೆಗೆ ಬಂದ ಕೂಡಲೇ ತಾಯಿ ಮಗಳು ನೆಲದ ಮೇಲೆ ಹಾರೆ ಮಲಗಿಸಿ ಅದರ ಪಕ್ಕಕ್ಕೆ ಸರ ಎಳೆಯುತ್ತಿದ್ದರು. ಸರ ಮೊದಲು ಹಾರೆಯ ಮೊನೆ ದಾಟಿತು. ಆಮೇಲೆ ನಡು ದಾಟಿತು. ಕೈ ಹಿಡಿದು ಹಿಡಿದು ನುಣುಪಾದ ಜಾಗ ದಾಟಿತು. "ಇನ್ನು ಇಷ್ಟೇ ಅಮ್ಮ," ಅಂತ ಜೀರಿಗೆ ಉಳಿದ ಕಬ್ಬಿಣಕ್ಕೆ ಬೆರಳಿಟ್ಟು ತೋರಿಸುತ್ತಿದ್ದಳು. ಕೊನೆಗೆ ಒಂದೇ ಬೆರಳಿನ ಜಾಗ ಉಳಿಯಿತು. ಒಂದೇ ಬಿಲ್ಲೆ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಳತೆ ಅಂತ ಚರ್ಚಿನ ಬಾಗಿಲಲ್ಲಿ ಬರೆದು ಹಾಕಿದರು.

*

ಆ ಭಾನುವಾರ ಬೆಳಕು ಹರಿಯುತ್ತಿದ್ದಂತೆ ಕಾವಲುಗಾರ ತಾತ ಬಾಗಿಲು ತಟ್ಟಿದ.

"ಯಜಮಾನ್ರ ತಾಯಿ ಹೋಗಿಬಿಟ್ರು ಕಣಮ್ಮ. ಆರಾಧನೆ ಮುಗಿಯೋದ್ರೊಳಗೆ ಗುಂಡಿ ಆಗಿರ್ಬೇಕಂತೆ."

ಹಾರೆಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಜ್ಜಿಯ ಬೊಚ್ಚು ನಗು ಕಣ್ಣ ಮುಂದೆ ಬಂತು.

"ತೋಡ್ತೀನಿ ತಾತ. ಅಜ್ಜಿ ಜಾಗಾನೂ ಹೇಳಿದ್ರು. ಆದ್ರೆ ಇವತ್ತು ಮೇಜು. ಆರಾಧನೆ, ಅಳತೆ ಎರಡೂ ಮುಗಿದ ತಕ್ಷಣ ಇಳೀತೀನಿ. ಸಂಜೆಯೊಳಗೆ ಮುಗಿಸಿಕೊಡ್ತೀನಿ ಅನ್ನಿ."

"ನಂಟರೆಲ್ಲ ಬಂದು ಕೂತಿದ್ದಾರಮ್ಮ. ಸಂಜೆ ಬಸ್ಸಿಗೆ ಹೊರಡಬೇಕಂತೆ."

"ಅಜ್ಜಿಗೆ ಯಾವ ಬಸ್ಸೂ ಇಲ್ವಲ್ಲ ತಾತ."

ತಾತನಿಗೆ ನಗು ಬಂತು. ನಗುವ ಹೊತ್ತಲ್ಲ ಅಂತ ಬಾಯಿ ಒರೆಸಿಕೊಂಡ. "ನಾನು ಹೇಳೋದು ಹೇಳ್ತೀನಿ. ಆದ್ರೆ ನಿನ್ನ ಬಾಯಿ ನಿನ್ನ ಕೈಲಿರಲಿ ಕಣಮ್ಮ. ಈ ಕೋಣೆ ಅವರದು."

ಅವಳು ಹಾರೆ, ಪಿಕಾಸಿ, ಬಾಣಲಿ ಮೂರನ್ನೂ ಹೊತ್ತುಕೊಂಡೇ ಹೋದಳು. ಅಳತೆ ಮುಗಿದ ಮೇಲೆ ಮನೆಗೆ ಬಂದು ಹೋಗುವ ಹೊತ್ತೂ ಉಳಿಯಲಿ ಅಂತ. ಪಿಕಾಸಿ ಬಾಣಲಿಯನ್ನು ಮರದ ಬುಡದಲ್ಲಿಟ್ಟಳು. ಹಾರೆಯನ್ನು ಶಾಲೆಯ ಜಗಲಿಗೆ ಒರಗಿಸಿದಳು.

ಮುಂಬಾಗಿಲಲ್ಲಿ ಯಜಮಾನ ಇರಲಿಲ್ಲ. ಅವನ ಹಿರಿಮಗ ಬಿಲ್ಲೆಯ ಡಬ್ಬಿ ಹಿಡಿದು ನಿಂತಿದ್ದ. ಎಲ್ಲರಿಗೂ ಕೊಟ್ಟ. ಅವಳು ಅಂಗೈ ಒಡ್ಡಿದಾಗ ಡಬ್ಬಿ ಮುಚ್ಚಿದ.

"ನಿನಗೆ ಕೊಡಬೇಡ ಅಂದಿದ್ದಾರೆ ಅಪ್ಪ. ಹೋಗಿ ತೋಡಬೇಕಂತೆ."

"ನಾನು ಆರಾಧನೆಗೆ ಬಂದಿದೀನಪ್ಪ."

"ನನಗೆ ಹೇಳ್ಬೇಡ."

ಅವಳು ಒಳಗೆ ಹೋದಳು. ಕೊನೆಯ ಬೆಂಚು. ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಅಜ್ಜಿಯ ಪೆಟ್ಟಿಗೆ. ಮರಕ್ಕೆ ಹಚ್ಚಿದ ಮೆರುಗೆಣ್ಣೆಯ ವಾಸನೆ ಇನ್ನೂ ಬರುತ್ತಿತ್ತು. ಪ್ರತಿ ಹಾಡಿಗೂ ಎದ್ದು ನಿಂತಳು. ಪ್ರತಿ ಪ್ರಾರ್ಥನೆಗೂ ಮಂಡಿಯೂರಿದಳು. ಜನ ತಿರುಗಿ ತಿರುಗಿ ನೋಡಿದರು. ಗುಂಡಿ ತೋಡುವವಳು ಇಲ್ಲಿದ್ದಾಳೆ, ಹಾಗಾದರೆ ಗುಂಡಿ ಎಲ್ಲಿ ಅನ್ನುವ ಗುಸುಗುಸು ಬೆಂಚಿನಿಂದ ಬೆಂಚಿಗೆ ಹೋಯಿತು. ಸಮಾಧಾನ ಹೇಳುವ ಹೊತ್ತು ಬಂತು. ಜೀರಿಗೆ ಕೈ ಕೊಟ್ಟಳು. ಅಮ್ಮನ ಕೈ ತಣ್ಣಗಿತ್ತು.

*

ಶಾಲೆಯ ಕೋಣೆ. ಅದೇ ಮೇಜು. ಅವಳ ಸರದಿ ಬಂತು. ಹೆಡ್ ಮಿಸ್ ಸರ ಇಸಿದುಕೊಂಡು ಈ ತುದಿಗೆ ಒತ್ತಿ ಹಿಡಿದು ಆ ತುದಿಗೆ ಎಳೆದರು. ಕೊನೆಯಲ್ಲಿ ಒಂದು ಬಿಲ್ಲೆಯಷ್ಟು ಬರಿ ಮರ ಕಂಡಿತು.

"ಅಯ್ಯೋ," ಅಂದರು ಹೆಡ್ ಮಿಸ್. ಅವರಿಗೂ ನಿಜವಾಗಿ ಬೇಜಾರಾಗಿತ್ತು. "ಒಂದು ಕಡಿಮೆ ಇದೆಯಲ್ಲಮ್ಮ."

"ಇವತ್ತಿಂದು ಕೊಡಲಿಲ್ಲ ಮಿಸ್. ನಾನು ಕೂತಿದ್ದೆ. ಫಾದರ್ ನೋಡಿದ್ದಾರೆ. ನೋಡಿದ್ರಿ ಅಲ್ವಾ ಫಾದರ್?"

ಫಾದರ್ ಮತ್ತೆ ಅಂಗಿಯ ತೋಳು ಹಿಡಿದುಕೊಂಡರು. "ನೋಡಿದೆ. ಆದರೆ ಬಿಲ್ಲೆ ಬಾಗಿಲಿನವರ ಜವಾಬ್ದಾರಿ. ಅದರಲ್ಲಿ ನಾನು ಕೈ ಹಾಕೋಕೆ ಆಗಲ್ಲ."

ಅಷ್ಟರಲ್ಲಿ ಯಜಮಾನ ಒಳಗೆ ನುಗ್ಗಿದ. ಕಣ್ಣು ಕೆಂಪಾಗಿತ್ತು. ತಾಯಿ ಸತ್ತ ದುಃಖ ಇತ್ತು, ನಂಟರ ಮುಂದೆ ಆದ ಅವಮಾನವೂ ಇತ್ತು.

"ನಮ್ಮ ತಾಯಿ ಅಲ್ಲಿ ಪೆಟ್ಟಿಗೇಲಿ ಕಾಯ್ತಿದ್ದಾರೆ. ನೀನಿಲ್ಲಿ ಸಾಲಲ್ಲಿ ನಿಂತಿದ್ದೀಯಾ?"

"ಅಜ್ಜಿ ಹೋಗಿದ್ದು ನನಗೂ ಸಂಕಟ ಯಜಮಾನ್ರೇ. ಇದೊಂದು ಮುಗಿದ್ರೆ ಈಗಲೇ ಇಳೀತೀನಿ. ಹಾರೆ ಇಲ್ಲೇ ತಂದಿದೀನಿ."

ಅವನು ಮೇಜಿನ ಕಡೆ ನೋಡಿದ. ಸರ ನೋಡಿದ. ಉಳಿದ ಜಾಗ ನೋಡಿದ. ಜೇಬಿಗೆ ಕೈ ಹಾಕಿ ಒಂದು ಬಿಲ್ಲೆ ತೆಗೆದು ಮೇಜಿನ ಮೇಲೆ ಎಸೆದ. ಅದು ಉರುಳಿ, ಸುತ್ತಿ, ಸರದ ತುದಿಯಲ್ಲಿ ಬಿತ್ತು. ಹೆಡ್ ಮಿಸ್ ಬೆರಳಿನಿಂದ ಸರಿಸಿದರು. ಮುಟ್ಟಿತು.

"ಆಯ್ತಲ್ಲ? ಸೇರಿಸ್ಕೊಳ್ಳಿ ಮಿಸ್. ನಡಿ, ಹೋಗಿ ತೋಡು."

ಕೋಣೆ ಉಸಿರು ಬಿಟ್ಟಿತು. ಇಸ್ತ್ರಿ ಅಕ್ಕ ಈ ಸಲ ತನ್ನ ಚಿಕ್ಕ ಮಗಳನ್ನು ಸೇರಿಸಲು ಬಂದಿದ್ದಳು. ಹಿಂದಿನಿಂದ ತಿವಿದಳು. "ತಗೊಳ್ಳೇ. ಬಾಯಿ ಮುಚ್ಕೊಂಡು ತಗೋ." ಜೀರಿಗೆ ಅಮ್ಮನ ಸೀರೆ ಹಿಡಿದು ಕುಣಿದಳು. "ಮುಟ್ತು ಅಮ್ಮ! ಮುಟ್ತು!"

ಹಾರೆಯಮ್ಮ ಆ ಒಂದು ಬಿಲ್ಲೆಯನ್ನೇ ನೋಡುತ್ತಿದ್ದಳು. ಉಳಿದವು ಅವಳ ಕೈಯ ಬೆವರಿಗೆ ಮಾಸಿದ್ದವು. ಅದೊಂದು ಫಳಫಳ ಹೊಳೆಯುತ್ತಿತ್ತು.

"ಇದು ಯಾತಕ್ಕೆ ಕೊಟ್ಟ ಬಿಲ್ಲೆ, ಯಜಮಾನ್ರೇ?"

"ಏನಂದೆ?"

"ಬೆಳಿಗ್ಗೆ ಕೂತಿದ್ದಕ್ಕಾ, ಈಗ ತೋಡೋದಕ್ಕಾ?"

"ತೋಡೋದಕ್ಕೇ ಅಂತ ಇಟ್ಕೋ. ಏನೀಗ?"

"ಹೋದ ವರ್ಷ ಇದೇ ಮೇಜಿನ ಮುಂದೆ ಅದು ಆರಾಧನೆ ಅಲ್ಲ, ಕೆಲಸ ಅಂದ್ರಿ."

"ಈಗ ಕೊಟ್ಟೆನಲ್ಲ! ಇನ್ನೇನು ಬೇಕು ನಿನಗೆ?"

"ನಿಮ್ಮ ತಾಯಿಗೆ ತೋಡಿದ್ರೆ ಆರಾಧನೆ. ಉಳಿದವರಿಗೆಲ್ಲ ತೋಡಿದ್ದು ಕೂಲಿ. ಅಲ್ವಾ?" ಅವಳ ದನಿ ಏರಲಿಲ್ಲ. ಗುಂಡಿಯೊಳಗೆ ನಿಂತವರು ಮಾತಾಡುವ ಹಾಗೆ, ಆಳದಿಂದ ಬರುತ್ತಿತ್ತು. "ತೋಡಿದ್ದು ಲೆಕ್ಕಕ್ಕೆ ಬರೋದಾದ್ರೆ ಬನ್ನಿ, ಹಿಂದಕ್ಕೆ ಹೋಗೋಣ. ನನ್ನ ಬಿಲ್ಲೆ ಅಲ್ಲಿ ಮಣ್ಣಲ್ಲಿ ಸಾಲಾಗಿ ಮಲಗಿವೆ. ಒಂದೊಂದರ ಮೇಲೂ ಕಲ್ಲಿದೆ. ಹೆಸರಿದೆ. ನನ್ನ ಗಂಡನದಕ್ಕೆ ಮಾತ್ರ ಕಲ್ಲಿಲ್ಲ. ಅದನ್ನ ನಾನೇ ತೋರಿಸ್ತೀನಿ."

ಒಂದು ಮಗು ಕೆಮ್ಮಿತು.

"ನನಗೆ ಬೇರೇನೂ ಬೇಡ. ಒಂದು ಮಾತು ಹೇಳಿ, ಎಲ್ಲರ ಮುಂದೆ. ಇವಳು ಮಾಡಿದ್ದೂ ದೇವರ ಮನೆ ಕೆಲಸಾನೇ, ಹೋದ ವರ್ಷ ಈ ಮಗುನ ಸುಮ್ಮನೆ ಹೊರಗೆ ನಿಲ್ಲಿಸಿದ್ವಿ, ತಪ್ಪಾಯ್ತು ಅಂತ. ಹೇಳಿ. ಈ ಗಳಿಗೆಯಲ್ಲೇ ಇಳೀತೀನಿ. ಕೂಲೀನೂ ಬೇಡ."

ಅವಳು ಫಾದರ್ ಮುಖ ನೋಡಿದಳು. ಫಾದರ್ ಸರ ನೋಡಿದರು. ಹೆಡ್ ಮಿಸ್ ಮುಖ ನೋಡಿದಳು. ಹೆಡ್ ಮಿಸ್ ಬಾಯಿ ತೆರೆದರು, ಯಜಮಾನನ ಕಡೆ ಒಮ್ಮೆ ನೋಡಿ ಮುಚ್ಚಿದರು.

ಯಜಮಾನ ಹಲ್ಲು ಕಡಿದ. "ತಪ್ಪಾಯ್ತು ಅನ್ಬೇಕಾ? ನಾನು? ಹಾರೆ ಹಿಡಿಯೋಳ ಹತ್ರ?"

ಅಲ್ಲಿಗೆ ಮುಗಿಯಿತು.

ಹಾರೆಯಮ್ಮ ಹೊರಗೆ ಹೋದಳು. ಹೋದಳು ಅಂತಲೇ ಎಲ್ಲರೂ ಅಂದುಕೊಂಡರು. ಯಜಮಾನನೂ ಸದ್ಯ ಅಂದುಕೊಂಡ. ಅವಳು ಜಗಲಿಗೆ ಒರಗಿಸಿದ್ದ ಹಾರೆ ಹೊತ್ತುಕೊಂಡು ವಾಪಸ್ ಬಂದಳು. ಜನ ದಾರಿ ಬಿಟ್ಟರು. ಫಾದರ್ ಕುರ್ಚಿಯಿಂದ ಅರ್ಧ ಎದ್ದರು. ಅವಳು ಯಾರ ಮೇಲೂ ಎತ್ತಲಿಲ್ಲ. ಹಾರೆಯನ್ನು ಮೇಜಿನ ಮೇಲೆ, ಸರದ ಪಕ್ಕದಲ್ಲಿ ಮಲಗಿಸಿದಳು. ಮೊನೆ ಈ ಅಂಚಿಗೆ, ತಲೆ ಆ ಅಂಚಿಗೆ. ಒಣಗಿದ ಮಣ್ಣು ಮೇಜಿನ ಮೇಲೆಲ್ಲ ಉದುರಿತು.

"ಮುಟ್ಟುತ್ತಾ ನೋಡಿ ಮಿಸ್."

ಹೆಡ್ ಮಿಸ್ ಕೈ ಹಿಂದಕ್ಕೆ ತೆಗೆದುಕೊಂಡರು.

ಅವಳು ಹೊಳೆಯುವ ಬಿಲ್ಲೆಯನ್ನು ಎತ್ತಿ ಯಜಮಾನನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ. ಅವಳು ಅವನ ಕೈ ಹಿಡಿದು, ಬೆರಳು ಬಿಡಿಸಿ, ಅಂಗೈಯಲ್ಲಿಟ್ಟು ಮುಚ್ಚಿದಳು. ಆ ವರ್ಷವೆಲ್ಲ ಆ ಚರ್ಚಿನಲ್ಲಿ ಅವಳು ಹಿಡಿದ ಪರರ ಕೈ ಅದೊಂದೇ.

"ತಗೊಳ್ಳಿ. ಹಾರೇನೂ ತಗೊಳ್ಳಿ. ಪಿಕಾಸಿ, ಬಾಣಲಿ ಮರದ ಹತ್ರ ಇದೆ. ಅಜ್ಜಿ ಗೋಡೆ ಪಕ್ಕ ಬೇಡ ಅಂದಿದ್ರು. ಮರದ ಕಡೆ ತೋಡಿ. ಅದೊಂದು ಮಾತು ನಡೆಸಿಕೊಡಿ."

"ಹುಚ್ಚು ಹಿಡಿದಿದೆಯೇನೇ ನಿನಗೆ?" ಇಸ್ತ್ರಿ ಅಕ್ಕ ಕೂಗಿದಳು. "ಕೋಣೆ ಬಿಡಿಸ್ತಾರೆ ಕಣೇ! ಎಲ್ಲಿಗೆ ಹೋಗ್ತೀಯ?"

ಹಾರೆಯಮ್ಮ ಮಗಳ ಕಡೆ ತಿರುಗಿದಳು. ಎಲ್ಲಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ. ಜೀರಿಗೆ ಮೇಜಿನ ಮೇಲಿನ ಸರವನ್ನೇ ನೋಡುತ್ತಾ ನಿಂತಿದ್ದಳು. ಅಮ್ಮ ಕೈ ಹಿಡಿದಾಗ ಒಮ್ಮೆ ಎಳೆದಾಡಿದಳು. ಆಮೇಲೆ ಬಂದಳು.

*

ಕೋಣೆಯ ಮುಂದೆ ಕೂತರು. ಬಾಗಿಲ ಬದಿಯಲ್ಲಿ ಜೀರಿಗೆಯ ಹಳೆಯ ಪುಟ್ಟ ಗುಂಡಿಗಳು ಇನ್ನೂ ಇದ್ದವು. ಅಂಚು ಕುಸಿದು, ಒಣ ಎಲೆ ತುಂಬಿಕೊಂಡಿದ್ದವು. ಹಾರೆಯಮ್ಮ ಒಂದೊಂದಾಗಿ ಕೈಯಿಂದ ಮಣ್ಣೆಳೆದು ಮುಚ್ಚಿದಳು. ಮೇಲೆ ಅಂಗೈಯಿಂದ ತಟ್ಟಿದಳು.

ಸ್ಮಶಾನದ ಆ ತುದಿಯಲ್ಲಿ ಗಂಡಸರ ದನಿಗಳು. ಯಾರೋ ಕೋಟು ಬಿಚ್ಚಿ ಕೊಡುತ್ತಿದ್ದರು. ಆಮೇಲೆ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು. ಮತ್ತೆ ಸದ್ದು. ನಡುವೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು.

ಜೀರಿಗೆ ಕಿವಿ ಕೊಟ್ಟಳು.

"ಅಮ್ಮ, ಅದು ನಮ್ಮ ಹಾರೆ."

"ಅಲ್ಲ ಮಗಾ. ಈಗ ನಮ್ಮದಲ್ಲ."

ಹಾರೆಯಮ್ಮ ಎದ್ದು ತೊಟ್ಟಿಯ ಹತ್ತಿರ ಹೋದಳು. ಕೈ ಮಾತ್ರ ತೊಳೆದಳು. ಕಾಲು ತೊಳೆಯಲಿಲ್ಲ. ಮಗಳ ಚಪ್ಪಲಿ ಹುಡುಕಿ ಮುಂದಿಟ್ಟಳು.

"ಎಲ್ಲಿಗಮ್ಮ?"

"ಆ ದೊಡ್ಡ ರಸ್ತೆ ಆಚೆ ಶಾಲೆ ಇದೆಯಲ್ಲ, ಅಲ್ಲಿಗೆ."

"ಇವತ್ತು ಭಾನುವಾರ. ರಜಾ."

"ಗೊತ್ತು. ದಾರಿ ಎಷ್ಟಿದೆ ನೋಡ್ಕೊಂಡು ಬರೋಣ. ನಾಳೆ ತಪ್ಪಬಾರದಲ್ಲ."

"ಅಲ್ಲಿ ಮೇಜು ಎಷ್ಟುದ್ದ ಇದೆ?"

ಹಾರೆಯಮ್ಮ ಬಗ್ಗಿ ಮಗಳ ಚಪ್ಪಲಿಯ ಪಟ್ಟಿ ಸಿಕ್ಕಿಸಿದಳು. ಬಹಳ ಹೊತ್ತು ಹಿಡಿಯಿತು. ಬೆರಳು ಮಡಚುತ್ತಿರಲಿಲ್ಲ.

"ನೋಡೋಣ," ಅಂದಳು.

ಹಿಂದಿನ ಗೇಟಿನ ಕಡೆ ತಿರುಗಿದ ಮಗಳನ್ನು ಎಳೆದು ಮುಂದಕ್ಕೆ ಕರೆದುಕೊಂಡಳು. ಚರ್ಚಿನ ಅಂಗಳದ ನಡುವೆ, ಮುಂದಿನ ಗೇಟಿಗೆ ಹೋಗುವ ಗುಡಿಸಿದ ಹಾದಿ. ನಂಟರು ಎರಡೂ ಬದಿಗೆ ಗುಂಪುಗುಂಪಾಗಿ ನಿಂತಿದ್ದರು. ಯಾರೂ ಅವಳನ್ನು ಮಾತಾಡಿಸಲಿಲ್ಲ, ತಡೆಯಲೂ ಇಲ್ಲ. ಅವಳ ಪಾದದ ಮಣ್ಣು ಹಾದಿಯ ಮೇಲೆ ಒಂದೊಂದೇ ಗುರುತು ಬಿಡುತ್ತಾ ಹೋಯಿತು. ಹಿಂದೆ ಹಾರೆಯ ಸದ್ದು ಮತ್ತೆ ನಿಂತಿತು.

ಗೇಟಿನಾಚೆ ರಸ್ತೆ. ಲಾರಿಗಳು ಬರುತ್ತಿದ್ದವು. ಹಾರೆಯಮ್ಮ ಅಂಚಿನಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಇಷ್ಟು ವರ್ಷ ಭುಜದ ಮೇಲಿದ್ದ ಭಾರ ಇಲ್ಲದೆ ನಿಲ್ಲಲು ಅವಳಿಗೆ ಬರುತ್ತಿರಲಿಲ್ಲ. ಒಂದು ಕಡೆಗೆ ವಾಲಿದ ಹಾಗೆ ಆಗುತ್ತಿತ್ತು.

ಜೀರಿಗೆ ಅವಳ ಮುಂದೆ ಬಂದು ನಿಂತು, ದೊಡ್ಡವರ ಹಾಗೆ ಬಲಗೈ ಚಾಚಿದಳು.

ಹಾರೆಯಮ್ಮ ಆ ಕೈ ಹಿಡಿದುಕೊಂಡಳು. ಕುಲುಕಲಿಲ್ಲ. ಹಿಡಿದುಕೊಂಡೇ ರಸ್ತೆಗೆ ಇಳಿದಳು.